ಬೀಸುಕಲ್ಲಿನ ಮುಂದೆ ಯಾವ ಮೈಕ್?

ಫೆಬ್ರವರಿ 8

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಈಗ ಎಂಬತ್ತೆರಡು. ಬೀಸುವ ಪದಗಳೆಲ್ಲ ಬಾಯಿಪಾಠ. ಅವ್ವನಿಗೆ ಅದರಲ್ಲಿ ಅರ್ಧವೂ ಬರುವುದಿಲ್ಲ, ನನಗೆ ಒಂದೆರಡು ಸಾಲು ಬಂದರೆ ಹೆಚ್ಚು. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನವನಗರಕ್ಕೆ ಬರುವಾಗ ಆಯಿ ಬೀಸುಕಲ್ಲನ್ನು ಬಿಟ್ಟು ಬರಲಿಲ್ಲ. ಹಿಟ್ಟು ಈಗ ಗಿರಣಿಯಲ್ಲೇ ಆಗುತ್ತೆ, ಆದರೂ ಕಲ್ಲು ಪಡಸಾಲೆಯ ಮೂಲೆಯಲ್ಲಿದೆ. ಈ ಬೇಸಿಗೆ ಮುಗಿಯೋದರೊಳಗೆ ಆಕೆಗೆ ಬರುವ ಪದಗಳನ್ನೆಲ್ಲ ಚೆನ್ನಾಗಿ ರೆಕಾರ್ಡ್ ಮಾಡಲೇಬೇಕು ಅಂತ ಹೊರಟಿದ್ದೇನೆ.

ಮೊದಲು ಮೊಬೈಲಿನಲ್ಲೇ ಮಾಡಿ ನೋಡಿದೆ. ಆಯಿ ಹಾಡುವಾಗ ದನಿ ಕೇಳುತ್ತೆ. ಉಸಿರು ತಗೊಳ್ಳೋಕೆ ನಿಲ್ಲಿಸಿದ ಕೂಡಲೇ ಕಲ್ಲಿನ ಗರಗರ ಮೇಲೆ ಬರುತ್ತೆ. ಮತ್ತೆ ಹಾಡಿದರೆ ಅದು ಕೆಳಗೆ ಹೋಗುತ್ತೆ. ಮೊಬೈಲ್ ತಾನಾಗಿಯೇ ಸದ್ದನ್ನು ಏರಿಸಿ ಇಳಿಸೋದರಿಂದ ಹೀಗಾಗುತ್ತೆ. ಎರಡು ನಿಮಿಷ ಕೇಳಿದರೆ ತಲೆ ಸುತ್ತಿದ ಹಾಗಾಗುತ್ತೆ.

ಕಲ್ಲು ಬಿಟ್ಟು ಸುಮ್ನೆ ಕೂತು ಹಾಡು ಅಂತ ಕೇಳಿದೆ. ಎರಡನೇ ಸಾಲಿಗೇ ತಪ್ಪಿತು. "ಕೈ ತಿರುಗದ ಬಾಯಿ ತೆರಿಯೂದಿಲ್ಲ ತಮ್ಮಾ. ಕಲ್ಲ ತಿರುಗಿದ್ರನ ಪದ ಬರತಾವು" ಅಂದಳು. ಅಲ್ಲಿಗೆ ತೀರ್ಮಾನವಾಯಿತು. ಕಲ್ಲು ತಿರುಗಲೇಬೇಕು, ಆದರೂ ದನಿ ಮುಂದೆ ಇರಬೇಕು.

ಫೆಬ್ರವರಿ 15

ಮೂರು ಮೈಕ್ ಸೇರಿಸಿದ್ದೇನೆ. ಒಂದು, ಗೆಳೆಯನ ಭಜನಾ ಮೇಳದ ಶೂರ್ ಎಸ್‌ಎಂ58. 1966ರಿಂದ ತಯಾರಾಗುತ್ತಿರುವ ಡೈನಮಿಕ್ ಮೈಕ್, ಅಂದರೆ ಹೊರಗಿನ ಕರೆಂಟ್ ಬೇಡದ್ದು. ಜಾತ್ರೆ, ಪ್ರವಚನ, ಮದುವೆ ಎಲ್ಲೇ ಹೋದರೂ ಇದೋ, ಇದನ್ನೇ ಹೋಲುವ ಇನ್ನೊಂದೋ ಕಾಣುತ್ತೆ. ಎರಡನೆಯದು ನಾನೇ ಕೊಂಡ ಆಡಿಯೋ-ಟೆಕ್ನಿಕಾ ಎಟಿ2020, ಕಂಡೆನ್ಸರ್, ಅಂದರೆ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಮೈಕ್. ಇದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲಿನಲ್ಲೇ ಬರುವ ಕರೆಂಟ್) ಬೇಕು, ಅದನ್ನು ಆಡಿಯೋ ಇಂಟರ್ಫೇಸ್, ಅಂದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಕೊಡುತ್ತೆ. ಮೂರನೆಯದು ಬಟ್ಟೆಗೆ ಸಿಗಿಸುವ ಚಿಕ್ಕ ಕಾಲರ್ ಮೈಕ್.

ಕಾಲರ್ ಮೈಕ್ ಮೊದಲ ದಿನವೇ ಹೊರಗೆ ಹೋಯಿತು. ಅದು ಸುತ್ತಲಿನ ಸದ್ದನ್ನೆಲ್ಲ ಒಂದೇ ಸಮ ಕೇಳುತ್ತೆ. ಬೀಸುವಾಗ ಆಯಿಯ ಎದೆಗೂ ಕಲ್ಲಿಗೂ ಎಷ್ಟು ದೂರ? ಜೊತೆಗೆ ಸೆರಗು ಪ್ರತಿ ಸುತ್ತಿಗೂ ಮೈಕಿಗೆ ಉಜ್ಜುತ್ತಿತ್ತು. ಕುರ್ಚಿಯಲ್ಲಿ ಕೂತು ಮಾತಾಡುವವರಿಗೆ ಅದು ಚೆನ್ನಾಗಿಯೇ ಇದೆ, ಬೀಸುವವರಿಗೆ ಒಗ್ಗೋದಿಲ್ಲ.

ಎಟಿ2020ಯಲ್ಲಿ ನಾನು ಒಂದು ತಪ್ಪು ಮಾಡಿದೆ, ಹೊಸಬರು ಗಮನಿಸಿ. ಎಸ್‌ಎಂ58ಕ್ಕೆ ತುದಿಯಿಂದ ಹಾಡಬೇಕು. ಎಟಿ2020ಗೆ ಪಕ್ಕದಿಂದ, ಹೆಸರು ಬರೆದಿರುವ ಕಡೆಯಿಂದ. ನಾನು ಅದನ್ನೂ ತುದಿಯನ್ನೇ ಬಾಯಿಗೆ ಮಾಡಿ ಇಟ್ಟು, ದನಿ ಮಂಕಾಗಿ ಬಂದಿದ್ದಕ್ಕೆ ಒಂದು ಸಂಜೆ ಪೂರ್ತಿ ಕೇಬಲ್ ಬದಲಿಸುತ್ತಾ ಕೂತಿದ್ದೆ.

ಫೆಬ್ರವರಿ 22

ಇವತ್ತು ಮೈಕ್ ಮುಟ್ಟಲಿಲ್ಲ, ಪಡಸಾಲೆ ನೋಡಿಕೊಂಡೆ. ಸಿಮೆಂಟ್ ಗೋಡೆ, ಕೆಳಗೆ ಫರಸಿ ಕಲ್ಲಿನ ನೆಲ. ಚಪ್ಪಾಳೆ ಹೊಡೆದರೆ ಚಳ್ ಅಂತ ಬಾಲದಂತೆ ಒಂದು ಸದ್ದು ಹಿಂದೆ ಬರುತ್ತೆ. ಹಳೇ ಮನೆಯ ದಪ್ಪ ಮಣ್ಣಿನ ಗೋಡೆಗಳು ಇದ್ದಿದ್ದರೆ ಈ ಕೆಲಸವೇ ಇರುತ್ತಿರಲಿಲ್ಲ.

ಮನೆಯಲ್ಲಿ ಕೌದಿಗಳಿಗೆ ಬರವಿಲ್ಲ. ಹಳೇ ಸೀರೆಗಳನ್ನು ಪದರ ಪದರವಾಗಿ ಇಟ್ಟು ಆಯಿಯೇ ಹೊಲಿದವು. ನಾಲ್ಕು ಕೌದಿ ತಂದು ಹಗ್ಗಕ್ಕೆ ಹಾಕಿದೆ. ಮೈಕಿನ ಹಿಂದೆ ಕಟ್ಟಿದಾಗ ಅಷ್ಟೇನೂ ಬದಲಾಗಲಿಲ್ಲ. ಆಯಿಯ ಬೆನ್ನ ಹಿಂದೆ ಕಟ್ಟಿದಾಗ ಚಳ್ ಸದ್ದು ಸುಮಾರು ಹೋಯಿತು. ಮೈಕ್ ನೋಡುತ್ತಿರುವುದು ಆಯಿಯ ಕಡೆ. ಆಕೆಯ ಹಿಂದಿನ ಗೋಡೆಯಿಂದ ವಾಪಸ್ ಬರುವ ಸದ್ದೇ ನೇರವಾಗಿ ಮೈಕಿನ ಮುಖಕ್ಕೆ ಬೀಳುತ್ತೆ, ಅದಕ್ಕೇ. ಗೋಡೆಗೆ ಅಂಟಿಸಿದಂತೆ ಕಟ್ಟುವ ಬದಲು ಒಂದು ಗೇಣು ಮುಂದೆ ಬಿಟ್ಟರೆ ಇನ್ನೂ ಒಳ್ಳೆಯದು, ಸ್ವಲ್ಪ ಕೆಳಗಿನ ದನಿಗಳನ್ನೂ ಅದು ಹಿಡಿದುಕೊಳ್ಳುತ್ತೆ. ತೀರಾ ತಗ್ಗಿನ ಗುಂಯ್‌ಗೆ ಮಾತ್ರ ಕೌದಿ ಸಾಲದು.

ಮಾರ್ಚ್ 1

ಇವತ್ತಿನದು ದೊಡ್ಡ ದಿನ.

ಆಯಿ ಬೀಸೋಕೆ ಕೂರುವುದು ಒಂದು ಕಾಲು ಚಾಚಿ, ಇನ್ನೊಂದು ಮಡಚಿ. ಗೂಟ ಹಿಡಿದು ತಿರುಗಿಸುವಾಗ ಮೈಯೆಲ್ಲ ಮುಂದೆ ಹೋಗಿ ಹಿಂದೆ ಬರುತ್ತೆ. ತಲೆ ಒಂದು ಗೇಣಿನಷ್ಟು ಆಡುತ್ತೆ. ಎಸ್‌ಎಂ58 ಚೆನ್ನಾಗಿ ಕೇಳಬೇಕಾದರೆ ಬಾಯಿಗೆ ನಾಲ್ಕು ಬೆರಳು ದೂರದಲ್ಲಿರಬೇಕು. ದೂರ ಎರಡರಷ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತೆ. ನಾಲ್ಕು ಬೆರಳಿನ ಹತ್ತಿರ ಒಂದು ಗೇಣು ಆಡಿದರೆ ದನಿ ಎಲ್ಲಿಂದೆಲ್ಲಿಗೆ ಹೋಗುತ್ತೆ ನೋಡಿ. ಹತ್ತಿರ ಬಂದಾಗ ದನಿ ದಪ್ಪ, ಹಿಂದೆ ಹೋದಾಗ ತೆಳು, ಒಂದೇ ಸಾಲಿನಲ್ಲಿ ಎರಡು ಬಣ್ಣ. ಅದೂ ಅಲ್ಲದೆ ಬಾಯಿಗೆ ಅಷ್ಟು ಹತ್ತಿರ ಮೈಕ್ ಬಂದರೆ ಆಯಿ ಮುಖ ತಿರುಗಿಸಿಕೊಳ್ಳುತ್ತಾಳೆ.

ಸರಿ, ಎಸ್‌ಎಂ58ನ್ನು ಒಂದೂವರೆ ಗೇಣು ದೂರ ಇಟ್ಟೆ. ಇಂಟರ್ಫೇಸಿನಲ್ಲಿ ಸದ್ದು ಹೆಚ್ಚಿಸುವ ಗೇನ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಬೇಕಾಯಿತು, ಹಾಡಿನ ಸಂದಿಯಲ್ಲಿ ಸುಂಯ್ ಅನ್ನುವ ಸದ್ದು ಬಂತು. ಒಂದೇ ಮಟ್ಟದ ದನಿಗೆ ಎಸ್‌ಎಂ58 ಕೊಡುವುದು 1.85 ಮಿಲಿವೋಲ್ಟ್, ಎಟಿ2020 ಕೊಡುವುದು 14.1. ಏಳೂವರೆ ಪಟ್ಟು ಜಾಸ್ತಿ. ಆಯಿಯಂಥ ಮೆತ್ತನೆ ದನಿಗೆ, ಅದೂ ದೂರದಿಂದ, ಈ ವ್ಯತ್ಯಾಸ ಕಿವಿಗೆ ಬಹಳ ಕೇಳುತ್ತೆ.

ಇನ್ನು ಕಲ್ಲು. ಎಟಿ2020 ಕಾರ್ಡಿಯಾಯ್ಡ್ ಮೈಕ್. ಮುಂದಿನದನ್ನು ಚೆನ್ನಾಗಿ ಕೇಳುತ್ತೆ, ಬೆನ್ನ ಕಡೆಯದಕ್ಕೆ ಹೆಚ್ಚುಕಡಿಮೆ ಕಿವುಡು. ಆಯಿಯ ಬಾಯಿ ಮೇಲೆ, ಕಲ್ಲು ಕೆಳಗೆ. ಹಾಗಾದರೆ ಮೈಕ್ ಇವೆರಡರ ನಡುವೆ ಬರಲಿ ಅಂದುಕೊಂಡೆ. ಸ್ಟ್ಯಾಂಡಿನ ಕೋಲನ್ನು ಆಯಿಯ ಎಡಗಡೆಯಿಂದ ಚಾಚಿ, ಮೈಕನ್ನು ಎದೆಯ ಎತ್ತರಕ್ಕೆ ಅಡ್ಡ ಮಲಗಿಸಿದೆ. ಮುಖ ಮೇಲೆ ಆಯಿಯ ಗದ್ದದ ಕಡೆ, ಬೆನ್ನು ಸೀದಾ ಕಲ್ಲಿನ ಕಡೆ. ಕೈಗೂ ಅಡ್ಡ ಬರಲಿಲ್ಲ, ಕಣ್ಣಿಗೂ ಕಾಣಲಿಲ್ಲ. ನಾಲ್ಕು ಸುತ್ತು ತಿರುಗೋದರೊಳಗೆ ಆಯಿ ಅದನ್ನು ಮರೆತೇಬಿಟ್ಟಳು.

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕಲ್ಲು ಅಲ್ಲೇ ಇತ್ತು, ಆದರೆ ದನಿಯ ಕೆಳಗೆ, ಮಂದವಾಗಿ, ತಾಳದ ಹಾಗೆ. ದನಿ ಮುಂದೆ ಬಂದಿತ್ತು. ಮೂರು ವಾರದಿಂದ ಹುಡುಕುತ್ತಿದ್ದದ್ದು ಅದೇ. ಕಣ್ಣು ತುಂಬಿ ಬಂತು.

ಒಂದು ಗುಡುಗುಡು ಮಾತ್ರ ಉಳಿದಿತ್ತು. ಅದು ಗಾಳಿಯಲ್ಲಿ ಬಂದದ್ದಲ್ಲ, ಕಲ್ಲಿನ ಕಂಪನ ಫರಸಿಯಿಂದ ಸ್ಟ್ಯಾಂಡಿನ ಕಾಲು ಹತ್ತಿ ಬರುತ್ತಿತ್ತು. ಮೂರೂ ಕಾಲಿನ ಕೆಳಗೆ ಗೋಣಿಚೀಲ ಮಡಚಿ ಇಟ್ಟೆ. ಉಳಿದಿದ್ದನ್ನು ಆಮೇಲೆ ಒಡಾಸಿಟಿ ಅನ್ನುವ ಸದ್ದು ತಿದ್ದುವ ತಂತ್ರಾಂಶದಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ತೆಗೆದೆ. ಆಯಿಯ ದನಿ ಅಷ್ಟು ಕೆಳಗೆ ಹೋಗುವುದೇ ಇಲ್ಲ.

ಕೊನೆಗೆ ಆಯಿಯೇ ಒಂದು ದಾರಿ ತೋರಿಸಿದಳು. "ಕಾಳ ಕಡಿಮಿ ಆದ್ರ ಕಲ್ಲ ಒದರತೈತಿ" ಅಂತ ಒಂದು ಹಿಡಿ ಜೋಳ ಜಾಸ್ತಿ ಹಾಕಿದಳು. ಕಲ್ಲಿಗೆ ಕಲ್ಲು ತಾಗುವ ಗಡುಸು ಸದ್ದು ಹೋಗಿ ಮೆತ್ತಗಾಯಿತು. ಯಾವ ಫಿಲ್ಟರಿಗೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಬಳೆಗಳ ಸದ್ದು ಹಾಗೇ ಇದೆ. ತೆಗಿ ಅಂತ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಬೀಸುವ ಪದದಲ್ಲಿ ಬಳೆ ಕೇಳಿಸಬೇಕು.

ಮಾರ್ಚ್ 8

ಸಣ್ಣ ಟಿಪ್ಪಣಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ್ದಾಗ ಜಿಂಯ್ ಅನ್ನುವ ಸದ್ದು ಬರುತ್ತಿತ್ತು, ಬಿಚ್ಚಿದರೆ ಇಲ್ಲ. ಈಗ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ. ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನ್, ಫ್ರಿಜ್, ಪಕ್ಕದ ಮನೆಯ ಟಿವಿ, ನೀರಿನ ಮೋಟಾರು ಎಲ್ಲ ಒಟ್ಟಿಗೆ ನಿಂತವು. ಇಂಟರ್ಫೇಸಿಗೂ ಮೈಕಿಗೂ ಲ್ಯಾಪ್‌ಟಾಪಿನಿಂದಲೇ ಕರೆಂಟ್ ಸಿಗೋದರಿಂದ ನಮ್ಮ ಕೆಲಸ ನಿಲ್ಲಲಿಲ್ಲ. ಆ ಐವತ್ತು ನಿಮಿಷದಲ್ಲಿ ನಾಲ್ಕು ಪದ ಆದವು. ಸೆಖೆ ಮಾತ್ರ ವಿಪರೀತ. ಒಂದೊಂದು ಪದ ಮುಗಿದ ಮೇಲೂ ಅವ್ವ ಬೀಸಣಿಗೆ ಬೀಸಿ, ಮಜ್ಜಿಗೆ ಕೊಟ್ಟಳು.

ರೆಕಾರ್ಡಿಂಗಿನ ಗುಣಮಟ್ಟವನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಟ್ಟಿದ್ದೇನೆ. ಜೋರಾದ ಜಾಗವೂ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ ಇಡುತ್ತೇನೆ (ಸೊನ್ನೆ ದಾಟಿದರೆ ಸದ್ದು ಒಡೆಯುತ್ತೆ). ಆಯಿ ಹುಮ್ಮಸ್ಸಿಗೆ ಬಂದು ದನಿ ಏರಿಸಿದರೂ ಒಡೆಯಬಾರದು.

ಮಾರ್ಚ್ 15

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಒಂದೇ ಪದವನ್ನು ಎರಡೂ ಮೈಕಿನಲ್ಲಿ ಹಾಡಿಸಿ, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಅವ್ವನಿಗೆ ಕೇಳಿಸಿದೆ. ಮಟ್ಟ ಸಮ ಮಾಡದೆ ಹೋಲಿಸಬೇಡಿ. ಸ್ವಲ್ಪ ಜೋರಾಗಿರುವುದೇ ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತೆ. ಅವ್ವ ಎರಡನೆಯದಕ್ಕೆ ಕೈ ಎತ್ತಿದಳು. "ಇದರಾಗ ಆಯಿ ಬಾಜೂಕ ಕುಂತಂಗ ಐತಿ" ಅಂದಳು. ಎಟಿ2020.

ಆದರೆ ಎಸ್‌ಎಂ58 ಮೂಲೆಗೆ ಹೋಗಿಲ್ಲ. ಪ್ರತಿ ಪದದ ಮೊದಲು ಅದು ಎಲ್ಲಿಯದು, ಆಯಿ ಯಾರಿಂದ ಕಲಿತದ್ದು ಅಂತ ನಾನು ನಾಲ್ಕು ಮಾತು ಹೇಳುತ್ತೇನೆ. ಅದನ್ನು ರಾತ್ರಿ, ಫ್ಯಾನ್ ಹಾಕಿಕೊಂಡೇ, ಎಸ್‌ಎಂ58ಕ್ಕೆ ನಾಲ್ಕು ಬೆರಳು ದೂರದಿಂದ ಹೇಳುತ್ತೇನೆ. ಬಹಳ ಚೊಕ್ಕವಾಗಿ ಬರುತ್ತೆ. ಡೈನಮಿಕ್ ಮನೆಯ ಸದ್ದು ಎಳೆಯೋದಿಲ್ಲ, ಕಂಡೆನ್ಸರ್ ಎಳೆಯುತ್ತೆ ಅನ್ನುತ್ತಾರಲ್ವಾ? ಎರಡನ್ನೂ ಒಂದೇ ದೂರದಲ್ಲಿಟ್ಟು, ಮಟ್ಟ ಸಮ ಮಾಡಿ ಕೇಳಿದೆ. ಫ್ಯಾನಿನ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಡೈನಮಿಕ್ಕನ್ನು ನಾವು ಹತ್ತಿರ ಹಿಡಿಯುತ್ತೇವೆ, ಲಾಭ ಬರುವುದು ಅಲ್ಲಿಂದ. ಕೂತಲ್ಲೇ ಕೂತು ಕಥೆ ಓದುವವರಿಗೆ, ರಸ್ತೆ ಬದಿಯ ಮನೆಯವರಿಗೆ ನಾನು ಡೈನಮಿಕ್ಕನ್ನೇ ಹೇಳುತ್ತೇನೆ.

ಇಲ್ಲಿಗೆ ಹನ್ನೊಂದು ಪದ ಆಗಿವೆ. ಮುಂದಿನದು ಕಷ್ಟದ್ದು. ಬಾದಾಮಿಯಿಂದ ಆಯಿಯ ನಾದಿನಿ ಬರುತ್ತಿದ್ದಾರೆ. ಇಬ್ಬರೂ ಎದುರುಬದುರು ಕೂತು, ಒಂದೇ ಗೂಟ ಹಿಡಿದು, ಒಬ್ಬರು ಎತ್ತಿಕೊಟ್ಟ ಸಾಲನ್ನು ಇನ್ನೊಬ್ಬರು ಹಾಡುವ ಪದಗಳಿವೆ. ಕಾರ್ಡಿಯಾಯ್ಡ್ ಮೈಕನ್ನು ಒಬ್ಬರ ಕಡೆ ತಿರುಗಿಸಿದರೆ ಇನ್ನೊಬ್ಬರ ದನಿ ಹೋಗುತ್ತೆ. ಎಂಟರ ಆಕಾರದಲ್ಲಿ ಕೇಳುವ ಮೈಕ್ ಬೇಕು. ಅದು ಎದುರಿನ ಎರಡೂ ಕಡೆ ಕೇಳುತ್ತೆ. ಅಕ್ಕಪಕ್ಕ, ಮೇಲೆ, ಕೆಳಗೆ ಕಿವುಡು. ಇಬ್ಬರ ನಡುವೆ ನೆಟ್ಟಗೆ ಇಳಿಬಿಟ್ಟರೆ ಕಲ್ಲು ಸರಿಯಾಗಿ ಆ ಕಿವುಡು ಜಾಗದಲ್ಲೇ ಬರುತ್ತೆ. ಆಡಿಯೋ-ಟೆಕ್ನಿಕಾದ್ದೇ ಇನ್ನೊಂದು ಮೈಕ್ ಎಟಿ2050ಯಲ್ಲಿ ಆ ಆಯ್ಕೆ ಇದೆ. ಬೆಳಗಾವಿಯಲ್ಲಿ ಹಾಡು ರೆಕಾರ್ಡ್ ಮಾಡುವ ಒಬ್ಬ ಪರಿಚಯದವರ ಹತ್ತಿರ ಅದು ಇದೆಯಂತೆ, ಎರಡು ದಿನಕ್ಕೆ ಕೊಡುತ್ತೇನೆ ಅಂದಿದ್ದಾರೆ. ಶನಿವಾರ ಬೆಳಗಿನ ಬಸ್ಸಿಗೆ ಹೋಗಿ ತರುತ್ತೇನೆ. ಆಯಿ ಆಗಲೇ ಎರಡು ಸೇರು ಜೋಳ ಹಸನು ಮಾಡಿ ಇಟ್ಟಿದ್ದಾಳೆ.