ಮಾತ್ರೆ ಮೊದಲು, ಕಾಫಿ ಆಮೇಲೆ

ನನ್ನ ಥೈರಾಯ್ಡ್ ಕಾಯಿಲೆಗೆ ಹಶಿಮೊಟೊ ಅಂತ ಹೆಸರು. 1912ರಲ್ಲಿ ಅದನ್ನು ವಿವರಿಸಿದ ಜಪಾನಿನ ಡಾಕ್ಟರ ಹೆಸರದು. ದೇಹದ ಕಾವಲು ಪಡೆಯೇ ಕುತ್ತಿಗೆಯ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಹೀಗೆ ತಿರುಗಿಬಿದ್ದ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಆಂಟಿ-ಟಿಪಿಒ ಪರೀಕ್ಷೆಯಲ್ಲಿ ಗೊತ್ತಾಯಿತು. "ಅಯೋಡಿನ್ ಉಪ್ಪು ಜಾಸ್ತಿ ಹಾಕ್ಕೊಳ್ಳಮ್ಮ" ಅನ್ನುತ್ತಾರೆ ಅತ್ತೆ. ಇದು ಅಯೋಡಿನ್ ಕೊರತೆಯಲ್ಲ, ಅತಿಯಾದರೆ ಇನ್ನೂ ಕೆಡಬಹುದು.

ಬೆಳಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನ್) ಮಾತ್ರೆ, ಬರೀ ನೀರಿನ ಜೊತೆ. ಕಾಫಿಗೆ ಒಂದು ಗಂಟೆ ಕಾಯುತ್ತೇನೆ. ಅಡುಗೆಮನೆಯಿಂದ ಡಿಕಾಕ್ಷನ್ ಘಮ ಬರುವಾಗ ಆ ಗಂಟೆ ಮುಗಿಯುವುದೇ ಇಲ್ಲ! ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ರಾತ್ರಿಗೆ. ಕನಿಷ್ಠ 4 ಗಂಟೆ ಅಂತರ ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಡೋಸ್ ಬದಲಾದರೆ ಅದು ಸರಿಹೊಂದಿದೆಯೇ ಎಂದು ತಿಳಿಯಲು 6-8 ವಾರ ಬಿಟ್ಟು ರಕ್ತದ ಟಿಎಸ್‌ಎಚ್ ಪರೀಕ್ಷೆ. ಕೂದಲಿಗೆಂದು ತಿನ್ನುವ ಬಯೋಟಿನ್ ಮಾತ್ರೆಯನ್ನು ಪರೀಕ್ಷೆಗೆ ರಕ್ತ ಕೊಡುವ 2 ದಿನ ಮೊದಲೇ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ರಿಪೋರ್ಟ್ ಏರುಪೇರಾಗಬಹುದು.