ಸೋರೋ ಕಿವಿ ಆಪರೇಶನ್: ಕೇಳ್ಸೋದು ಮೂರನೇ ಮಾತು

ಕಿವಿ ಆಪರೇಶನ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಒಂದೇ ಪ್ರಶ್ನೆ, "ಆಮೇಲೆ ಚೆನ್ನಾಗ್ ಕೇಳ್ಸುತ್ತಾ?" ನಮ್ ಮನೇಲೂ ಅಷ್ಟೇ. ಸೋದರಮಾವಂಗೆ ಮಾಸ್ಟಾಯ್ಡ್ (ಕಿವಿ ಹಿಂದಿನ ಮೂಳೆ) ಆಪರೇಶನ್ ಆಗ್ಬೇಕು ಅಂತ ಗೊತ್ತಾದಾಗಿಂದ ಅತ್ತೆ, ಅಮ್ಮ, ದಾವಣಗೆರೆಯಿಂದ ಫೋನ್ ಮಾಡಿದ ಚಿಕ್ಕಪ್ಪ ಎಲ್ಲರೂ ಅದನ್ನೇ ಕೇಳಿದ್ದು. ಡಾಕ್ಟ್ರು ಮಾತ್ರ ಯಾರ್ ಕೇಳಿದ್ರೂ ಅದೇ ಆರ್ಡರ್‌ನಲ್ಲಿ ಉತ್ತರ ಕೊಡೋರು: ಮೊದಲು ಕಿವಿಯಿಂದ ಪ್ರಾಣಕ್ಕೆ, ನರಕ್ಕೆ ಅಪಾಯ ಇರಬಾರ್ದು, ಆಮೇಲೆ ಸೋರೋದು ನಿಲ್ಬೇಕು, ಕೇಳ್ಸೋದು ಮೂರನೇದು. ಈ ಆರ್ಡರ್ ಯಾಕೆ ಅಂತ ತಲೆಗೆ ಹೋಗ್ದೇ ಇದ್ರೆ ಆಪರೇಶನ್ ಚೆನ್ನಾಗೇ ಆಗಿದ್ರೂ ಮನೆಯವರಿಗೆ ಮೋಸ ಹೋದ್ವಿ ಅನ್ಸುತ್ತೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮಾವ ಬಿಎಂಟಿಸಿ ಕಂಡಕ್ಟರ್ ಆಗಿದ್ದೋರು, ಈಗ ರಿಟೈರ್ಡ್, ವಿಜಯನಗರದಲ್ಲಿ ಮನೆ. ಬಲಗಿವಿಲಿ ಹತ್ತಿ ಇಲ್ಲದ ಮಾವನ್ನ ನಾನ್ ನೋಡಿದ್ ನೆನಪೇ ಇಲ್ಲ. ಚಿಕ್ಕ ವಯಸ್ಸಿಂದ ಕಿವಿ ಸೋರುತ್ತೆ, ನೆಗಡಿ ಆದ್ರೆ ಜಾಸ್ತಿ, ಡ್ರಾಪ್ಸ್ ಹಾಕಿದ್ರೆ ಕಮ್ಮಿ, ಬೆಳ್ಳುಳ್ಳಿ ಹಾಕಿ ಕಾಯ್ಸಿದ ಎಣ್ಣೆ ಅಜ್ಜಿ ಕಾಲದಿಂದ ನಡೀತಾನೇ ಇದೆ (ತೂತಾಗಿರೋ ಕಿವಿ ತಮಟೆಗೆ ಎಣ್ಣೆ ಬಿಡೋದು ಎಲ್ಲಕ್ಕಿಂತ ಕೆಟ್ಟ ಐಡಿಯಾ, ಇರ್ಲಿ). ನೋವು ಅಂತ ಒಂದ್ ದಿನಾನೂ ಇರ್ಲಿಲ್ಲ. ನೋವಿಲ್ದೇ ಇದ್ರೆ ನಮ್ಮ ಜನ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ, ಈ ಕಾಯಿಲೆಗೆ ಅದೇ ಬೇಕಾಗಿರೋದು. ಆದ್ರೆ ಕೀವು ಸ್ವಲ್ಪಾನೇ ಬರ್ತಿದ್ರೂ ಕೆಟ್ಟ ವಾಸನೆ ಇತ್ತು, ಅದೇ ಗಮನಿಸಬೇಕಾಗಿದ್ದ ಲಕ್ಷಣ ಅಂತೆ.

ಒಂದಿನ ಬೆಳಗ್ಗೆ ಕಾಫಿ ಬಾಯಿ ಪಕ್ಕದಿಂದ ಬನಿಯನ್ ಮೇಲೆ ಸುರೀತು, ಬಲಗಣ್ಣು ಮುಚ್ತಾ ಇಲ್ಲ, ಮುಖ ಎಡಕ್ಕೆ ಸೊಟ್ಟ. ಪಕ್ಕದ್ಮನೆಯವರು ಲಕ್ವ ಹೊಡ್ದಿದೆ ಅಂದ್ರು, ಇನ್ನೊಬ್ರು ನಾಟಿ ಔಷಧಿ ಅಡ್ರೆಸ್ ಕೊಟ್ರು. ಹತ್ತಿರದ ಒಂದ್ ಕ್ಲಿನಿಕ್‌ನಲ್ಲಿ ನರದ ವೀಕ್‌ನೆಸ್ ಅಂತ ವಿಟಮಿನ್ ಇಂಜೆಕ್ಷನ್ ಚುಚ್ಚಿ ಕಳ್ಸಿದ್ರು, ಹತ್ತಿ ತೆಗ್ದು ಕಿವಿ ಒಳಗೆ ನೋಡ್ಲೇ ಇಲ್ಲ ಮಾರಾಯ್ರೆ.

ಇಎನ್‌ಟಿ ಡಾಕ್ಟ್ರು ಮಾಡಿದ್ ಮೊದಲ ಕೆಲಸ, "ಹುಬ್ಬು ಮೇಲೆತ್ತಿ ಯಜಮಾನ್ರೆ" ಅಂದಿದ್ದು. ಹಣೇಲಿ ಎಡಗಡೆ ಗೆರೆ ಬಿತ್ತು, ಬಲಗಡೆ ನುಣ್ಣಗೇ ಇತ್ತು. ಮೆದುಳಿನ ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟ ಆದ್ರೂ ಹಣೆ ಆಡುತ್ತೆ, ಯಾಕಂದ್ರೆ ಹಣೆಗೆ ಮೆದುಳಿನ ಎರಡೂ ಕಡೆಯಿಂದ ಸಪ್ಲೈ ಇದೆ. ಮುಖದ ನರಕ್ಕೇ ಪೆಟ್ಟಾದ್ರೆ ಹಣೆ, ಕಣ್ಣು, ಬಾಯಿ ಮೂರೂ ಹೋಗುತ್ತೆ. ಹಾಗಂತ ಮನೇಲಿ ಕನ್ನಡಿ ಮುಂದೆ ನಿಂತು ನೀವೇ ತೀರ್ಮಾನ ಮಾಡ್ಬೇಡಿ, ಮುಖ ಸೊಟ್ಟ ಆದ್ರೆ ಅವತ್ತೇ ಆಸ್ಪತ್ರೆ. ಕಿವಿ ಚೆನ್ನಾಗಿದ್ದು ಸುಮ್ನೆ ಹೀಗಾದ್ರೆ ಅದು ಹೆಚ್ಚಾಗಿ ಬೆಲ್ಸ್ ಪಾಲ್ಸಿ, 72 ಗಂಟೆ ಒಳಗೆ ಸ್ಟೀರಾಯ್ಡ್ ಶುರು ಮಾಡಿದ್ರೆ ಒಳ್ಳೇದು, ಬಹುತೇಕ ಜನಕ್ಕೆ ಸರಿಹೋಗುತ್ತೆ. ಕಿವಿ ಹತ್ರ ನೀರ್ಗುಳ್ಳೆ ಎದ್ದಿದ್ರೆ ಅದು ಸರ್ಪಸುತ್ತಿನ ವೈರಸ್, ರಾಮ್ಸೆ ಹಂಟ್ ಅಂತಾರೆ, ಅದಕ್ಕೆ ವೈರಸ್ ಮಾತ್ರೆನೂ ಬೇಕು. ಆದ್ರೆ ವರ್ಷಗಟ್ಟಲೆ ಸೋರ್ತಿರೋ ಕಿವಿ ಕಡೆಯೇ ಮುಖ ಸೊಟ್ಟ ಆದ್ರೆ ಬೇರೆ ಕಥೆ, ಅದು ಕಿವಿ ಒಳಗಿಂದ್ಲೇ ಬಂದಿರೋದು ಅಂತ ಹಿಡ್ಕೊಂಡೇ ನೋಡ್ಬೇಕು.

ಎಂಡೋಸ್ಕೋಪ್ ಹಾಕಿ ಟಿವೀಲಿ ತೋರಿಸಿದ್ರು. ತಮಟೆ ಮೇಲ್ಗಡೆ ಒಂದು ಗುಳಿ, ಅದರ ತುಂಬ ಬಿಳಿ ಬಿಳಿ ಪೊರೆ, ಈರುಳ್ಳಿ ಸಿಪ್ಪೆ ಪದರ ಪದರವಾಗಿ ಅಮುಕಿ ತುಂಬಿದಂಗೆ. ಕೊಲೆಸ್ಟಿಯಟೋಮ. ಹೆಸರು ಕೇಳಿ ಅತ್ತೆ ಗಾಬರಿ ಆಗಿದ್ದು ನಿಜ, ಆದ್ರೆ ಅದು ಕ್ಯಾನ್ಸರೂ ಅಲ್ಲ, ಕೊಲೆಸ್ಟ್ರಾಲೂ ಅಲ್ಲ, ಬರೀ ಚರ್ಮ, ಇರಬಾರದ ಜಾಗದಲ್ಲಿ ಇರೋ ಚರ್ಮ. ಚರ್ಮದ ಕೆಲಸ ಸತ್ತ ಪದರ ಉದುರಿಸೋದು, ಹೊರಗಡೆ ಆದ್ರೆ ಉದುರಿ ಹೋಗುತ್ತೆ, ಮಧ್ಯಕಿವಿ ಚೀಲದಲ್ಲಿ ಹೋಗಕ್ಕೆ ದಾರಿ ಇಲ್ಲ, ಗುಡ್ಡೆ ಆಗ್ತಾ ಸೋಂಕು ತಗಲಿ ಪಕ್ಕದ ಮೂಳೆನ ನಿಧಾನಕ್ಕೆ ತಿನ್ನುತ್ತೆ. ಔಷಧಿಯಿಂದ ಹೋಗಲ್ಲ. ಡ್ರಾಪ್ಸ್‌ನಿಂದ ಸೋರೋದು ಕಮ್ಮಿ ಆಗ್ಬಹುದು, ಚೀಲ ಹಾಗೇ ಕೂತಿರುತ್ತೆ.

ಆಮೇಲೆ ಟೆಂಪೊರಲ್ ಬೋನ್, ಅಂದ್ರೆ ಕಿವಿ ಸುತ್ತಲಿನ ಮೂಳೆಯ ಸಿಟಿ ಸ್ಕ್ಯಾನ್. ಆ ಫಿಲ್ಮ್ ಲೈಟಿಗೆ ಹಿಡಿದು ಡಾಕ್ಟ್ರು ಬೆರಳಿಟ್ಟು ತೋರಿಸಿದ ಮೇಲೇ ನನಗೆ ಆ ಆರ್ಡರ್ ಅರ್ಥ ಆಗಿದ್ದು. ಮಧ್ಯಕಿವಿ ಚಾವಣಿ ತೆಳು ಮೂಳೆ, ಅದರ ಮೇಲೆ ನೇರ ಮೆದುಳು. ಹಿಂದೆ ಮೆದುಳಿನಿಂದ ಕೆಟ್ಟ ರಕ್ತ ತರೋ ದೊಡ್ಡ ನಾಳ. ಒಳಗಡೆ ಬ್ಯಾಲೆನ್ಸ್ ನೋಡ್ಕೊಳ್ಳೋ ಕೊಳವೆಗಳು, ಅದಕ್ಕೆ ತೂತಾದ್ರೆ ಕಿವಿ ಅಮುಕಿದ್ರೂ ತಲೆ ತಿರುಗುತ್ತೆ. ಇದರ ಮಧ್ಯೆ ಮುಖದ ನರ. ಏಳನೇ ನರ ಅದು, ಮೆದುಳಿಂದ ಹೊರಟು ಕಿವಿ ಮೂಳೆ ಒಳಗಿನ ಒಂದು ಕಾಲುವೇಲಿ ಸುಮಾರು 3 ಸೆಂಟಿಮೀಟರ್ ಸುತ್ತಿ ಬಳಸಿ ಬರುತ್ತೆ, ಬೇರೆ ಯಾವ ನರಾನೂ ಮೂಳೆ ಒಳಗೆ ಇಷ್ಟು ದೂರ ಹೋಗಲ್ವಂತೆ. ಮಧ್ಯಕಿವೀಲಿ ಅದರ ಮೇಲಿರೋ ಮೂಳೆ ಹೊದಿಕೆ ಎಷ್ಟೋ ಜನಕ್ಕೆ ಹುಟ್ಟಿಂದ್ಲೇ ಅಲ್ಲಲ್ಲಿ ಇರಲ್ಲ, ಮಾವನಿಗೆ ಇದ್ದಿದ್ದನ್ನ ಕಾಯಿಲೆ ತಿಂದಿತ್ತು. ಕೇಳ್ಸೋ ಮೂರು ಪುಟ್ಟ ಮೂಳೇಲಿ ಮಧ್ಯದ್ದು, ಇಂಕಸ್, ಪೂರ್ತಿ ಮಾಯ. ಸೋರೋ ಕಿವಿ ಕೀವು ಮೆದುಳಿಗೆ ಏರಿ ಹೋದ್ರೆ ಮೆನಿಂಜೈಟಿಸ್ (ಮೆದುಳಿನ ಪೊರೆಗೆ ಸೋಂಕು), ಕೀವುಗಡ್ಡೆ. ಇಷ್ಟೆಲ್ಲಾ ಇರೋ ಜಾಗದಲ್ಲಿ ಕೇಳ್ಸುತ್ತಾ ಇಲ್ವಾ ಅನ್ನೋದು ಮೊದಲ ಪ್ರಶ್ನೆ ಆಗಕ್ಕೆ ಸಾಧ್ಯಾನೇ ಇಲ್ಲ.

ಮುಖಕ್ಕೆ ಬಂದಾಗಿದ್ರಿಂದ ಆಪರೇಶನ್ ಮುಂದಕ್ಕೆ ಹಾಕಂಗಿಲ್ಲ ಅಂದ್ರು. ನಾನ್ ಕೇಳಿದ್ ಮುಖ್ಯವಾದ ಪ್ರಶ್ನೆ, ನರಕ್ಕೆ ಮಾನಿಟರ್ ಇಡ್ತೀರಾ ಅಂತ, ಇಡ್ತೀವಿ ಅಂದ್ರು. ಕಣ್ಣಿನ ಪಕ್ಕ, ತುಟಿ ಪಕ್ಕ ಸಣ್ಣ ಸೂಜಿ ಚುಚ್ಚಿ ವೈರ್ ಎಳೆದಿರ್ತಾರೆ, ನರ ಕೆರಳಿ ಮುಖದ ಸ್ನಾಯು ಚೂರು ಅದುರಿದ್ರೂ ಮೆಷಿನ್ ಸದ್ದು ಮಾಡುತ್ತೆ. ಅದು ಕೆಲಸ ಮಾಡ್ಬೇಕಂದ್ರೆ ಅನಸ್ತೇಶಿಯಾದವರು ಸ್ನಾಯು ಸಡಿಲ ಮಾಡೋ ಔಷಧಿ ಪ್ರಭಾವ ಉಳಿಯದಂಗೆ ನೋಡ್ಕೋಬೇಕು. ಆದ್ರೂ ಮಾನಿಟರ್ ಬರೀ ಎಚ್ಚರಿಕೆ ಗಂಟೆ, ನರ ಎಲ್ಲಿದೆ ಅಂತ ಕಣ್ಣಲ್ಲಿ ಗುರುತಿಸೋ ಕೈಯೇ ಮುಖ್ಯ ಅಂತ ಡಾಕ್ಟ್ರೇ ಹೇಳಿದ್ರು, ಆ ಮಾತಿಂದ ನನಗೆ ಅವರ ಮೇಲೆ ನಂಬಿಕೆ ಜಾಸ್ತಿ ಆಯ್ತು. ನರ ಹತ್ರ ಆದಾಗ ಡ್ರಿಲ್‌ನ ಬರ್ (ಮೂಳೆ ಕೊರೆಯೋ ತುದಿ) ಬದಲಾಯಿಸ್ತಾರೆ, ಕೊರೆಯೋದು ತೆಗ್ದು ಉಜ್ಜೋ ಡೈಮಂಡ್ ಬರ್ ಹಾಕಿ ನೀರು ಬಿಡ್ತಾನೇ ಇರ್ತಾರೆ, ಯಾಕಂದ್ರೆ ಬಿಸಿಗೂ ನರ ಸುಡುತ್ತೆ.

ಆಪರೇಶನ್ ಆಗಿ ಮಾವಂಗೆ ಎಚ್ಚರ ಆಯ್ತು, ತಲೆ ತುಂಬ ಬ್ಯಾಂಡೇಜು. ಡಾಕ್ಟ್ರು ಬಂದು ನೋವಿದ್ಯಾ ಅಂತಾನೂ ಕೇಳ್ಲಿಲ್ಲ, ಮೊದಲು "ಕಣ್ ಮುಚ್ಚಿ ಗಟ್ಟಿಯಾಗಿ, ಈಗ ಹಲ್ ತೋರ್ಸಿ". ಮಾವ ಮಂಪರಲ್ಲೇ ಹಲ್ ಕಿರಿದ್ರು. ಇದನ್ನ ಹೌಸ್-ಬ್ರಾಕ್‌ಮನ್ ಸ್ಕೇಲ್‌ನಲ್ಲಿ ಬರ್ಕೊಳ್ತಾರೆ, 1985ರಿಂದ ಬಳಕೇಲಿ ಇದೆ, 1 ಅಂದ್ರೆ ನಾರ್ಮಲ್, 6 ಅಂದ್ರೆ ಏನೂ ಆಡಲ್ಲ. ಮಾವ 4, ಅಂದ್ರೆ ಎಷ್ಟು ಪ್ರಯತ್ನ ಪಟ್ರೂ ಕಣ್ಣು ಪೂರ್ತಿ ಮುಚ್ಚಲ್ಲ. ಈ ಹೌಸ್ ಅಂದ್ರೆ ಲಾಸ್ ಏಂಜಲೀಸ್‌ನ ಜಾನ್ ಹೌಸ್. ಅವರ ಚಿಕ್ಕಪ್ಪ ವಿಲಿಯಂ ಹೌಸ್, ಮೊದಲು ಹಲ್ಲಿನ ಡಾಕ್ಟ್ರಾಗಿ ಆಮೇಲೆ ಕಿವಿಗೆ ಬಂದ ಪುಣ್ಯಾತ್ಮ, 1960ರ ದಶಕದಲ್ಲಿ ಮೈಕ್ರೋಸ್ಕೋಪ್ ಇಟ್ಕೊಂಡು ಕಿವಿ ಮೂಳೆ ಒಳಗಿಂದ್ಲೇ ಮೆದುಳ ಪಕ್ಕದ ಗಡ್ಡೆ ತೆಗಿಯೋ ದಾರಿ ತೋರಿಸಿದ್ರು, ಕಿವಿ ಡಾಕ್ಟ್ರೂ ನ್ಯೂರೋ ಸರ್ಜನ್ನೂ ಒಂದೇ ಟೇಬಲ್‌ನಲ್ಲಿ ನಿಲ್ಲೋ ಸ್ಕಲ್ ಬೇಸ್ (ತಲೆಬುರುಡೆ ತಳದ) ಸರ್ಜರಿಗೆ ಅದು ದೊಡ್ಡ ತಿರುವು.

ಆ ಗಡ್ಡೆ ಇರೋ ಒಬ್ರು ಓಪಿಡೀಲಿ ಪರಿಚಯ ಆದ್ರು, ಸ್ಕೂಲ್ ಮೇಡಂ. ಎಡಗಿವೀಲಿ ಫೋನ್ ಕೇಳ್ಸೋದು ಕಮ್ಮಿ ಆಯ್ತು, ಗುಂಯ್ ಅನ್ನೋ ಶಬ್ದ, ಎಂಆರ್‌ಐ ಮಾಡ್ಸಿದ್ರೆ ವೆಸ್ಟಿಬುಲಾರ್ ಶ್ವಾನೋಮ, ಅಂದ್ರೆ ಬ್ಯಾಲೆನ್ಸ್ ನರದ ಮೇಲೆ ಬೆಳೆಯೋ ಗಡ್ಡೆ. ಕ್ಯಾನ್ಸರ್ ಅಲ್ಲ, ಬೆಳೆಯೋದೂ ಹೆಚ್ಚಾಗಿ ನಿಧಾನ. ಅವರಿಗೆ ಚಿಕ್ಕದಿದೆ, ಸುಮ್ನೆ ಸ್ಕ್ಯಾನ್ ಮಾಡ್ಸ್ತಾ ನೋಡೋಣ ಅಂದಿದಾರಂತೆ. ಬೆಳೆದ್ರೆ ಗಾಮಾ ನೈಫ್ (ಕೊಯ್ಯದೇ ವಿಕಿರಣ ಕೊಡೋ ಚಿಕಿತ್ಸೆ), ಅದು ನಮ್ ನಿಮ್ಹಾನ್ಸ್‌ನಲ್ಲೇ ಇದೆ, ಇಲ್ಲಾ ಆಪರೇಶನ್. ಒಂದೇ ಕಿವಿ ಮಂದ ಆದ್ರೆ ವಯಸ್ಸಾಯ್ತು ಅಂತ ಬಿಡ್ಬೇಡಿ, ವಯಸ್ಸು ಎರಡೂ ಕಿವಿಗೆ ಆಗುತ್ತೆ.

ಮನೆಗೆ ಬಂದ್ಮೇಲೆ ಕಿವಿಗಿಂತ ಕಣ್ಣೇ ಹೆಚ್ಚು ಕೆಲಸ ಕೊಡ್ತು. ಮುಚ್ಚದೇ ಇರೋ ಕಣ್ಣು ಒಣಗಿ ಕಾರ್ನಿಯಾ ಹಾಳಾಗುತ್ತೆ, ಹಗಲೆಲ್ಲ ಡ್ರಾಪ್ಸ್, ರಾತ್ರಿ ಆಯಿಂಟ್‌ಮೆಂಟ್ ಹಾಕಿ ರೆಪ್ಪೆ ಮುಚ್ಚಿ ಟೇಪ್, ಅತ್ತೆಗೆ ಅದೇ ಡ್ಯೂಟಿ. ಸಾರಿಗೆ ಕಬ್ಬಿಣದ ರುಚಿ ಬರ್ತಿದೆ ಅಂತ ಮಾವ ಜಗಳ ತೆಗೆಯೋರು, ನಾಲಗೆ ಮುಂಭಾಗದ ರುಚಿಯ ನರಾನೂ ಮಧ್ಯಕಿವೀಲೇ ಹಾದು ಹೋಗುತ್ತೆ, ಎಷ್ಟೋ ಸಲ ಅದನ್ನ ಬಿಡಿಸಕ್ಕಾಗಲ್ಲ, ಆದ್ರೆ ಅತ್ತೆಗೆ ಯಾರ್ ಹೇಳೋದು. ನರ ಚೇತರಿಸಿಕೊಳ್ಳೋದು ತಿಂಗಳುಗಟ್ಟಲೆ. ಮೊದಲು ಕೆನ್ನೆ ಬಿಗಿ ಬಂತು, ಆಮೇಲೆ ಕಣ್ಣು ಮುಚ್ಚಕ್ಕೆ ಶುರುವಾಯ್ತು, ಈಗ 2ನೇ ಗ್ರೇಡ್ ಅಂತಾರೆ, ನಕ್ಕಾಗ ಬಲಗಡೆ ಸ್ವಲ್ಪ ಲೇಟು.

ಇನ್ನು ಕೇಳ್ಸೋದು. ಕಾಯಿಲೆ ಜಾಸ್ತಿ ಇದ್ದಿದ್ರಿಂದ ಕಿವಿ ಕೊಳವೆಯ ಹಿಂದಿನ ಗೋಡೆ ತೆಗ್ದು ಎಲ್ಲಾ ಒಂದೇ ಗುಹೆ ಮಾಡಿದಾರೆ. ಗೋಡೆ ಉಳಿಸೋ ವಿಧಾನಾನೂ ಇದೆ, ಆದ್ರೆ ಕಾಯಿಲೆ ಅದರ ಹಿಂದೆ ಅಡಗಿ ಬೆಳೆದ್ರೆ ಕಾಣಲ್ಲ, ಎಷ್ಟೋ ಜನಕ್ಕೆ ಇನ್ನೊಂದ್ ಆಪರೇಶನ್ ಮಾಡಿ ನೋಡ್ಬೇಕಾಗುತ್ತೆ. ಗುಹೆ ಆದ್ರೆ ಮೈಕ್ರೋಸ್ಕೋಪ್‌ನಲ್ಲಿ ನೇರ ಕಾಣುತ್ತೆ, ಬದಲಿಗೆ ಜೀವನಪೂರ್ತಿ ಆಗಾಗ ಕ್ಲೀನ್ ಮಾಡಿಸ್ಬೇಕು, ಈಜು ಇಲ್ಲ, ತಲೆಗೆ ಸ್ನಾನ ಅಂದ್ರೆ ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಕೊಂಡೇ, ಯುಗಾದಿ ಎಣ್ಣೆ ಸ್ನಾನಕ್ಕೂ ಅದೇ ರೂಲು. ಬಲಗಿವಿ ಮೊದಲಿಗಿಂತ ಚೂರು ಕಮ್ಮೀನೇ ಕೇಳ್ಸುತ್ತೆ. ಮಾಮೂಲಿ ಹಿಯರಿಂಗ್ ಏಡ್ ಹಾಕಿದ್ರೆ ಅದರ ಮೋಲ್ಡ್ ಗುಹೆ ಬಾಯಿ ಮುಚ್ಚಿ ಗಾಳಿ ಆಡದೆ ಮತ್ತೆ ಸೋರೋ ಚಾನ್ಸ್ ಇದೆ, ಮೂಳೆ ಮೂಲಕ ಶಬ್ದ ಕಳ್ಸೋ ಮೆಷಿನ್ ಟ್ರಯಲ್ ನೋಡೋಣ ಅಂದಿದಾರೆ, ಒಳಗಿನ ನರ ಚೆನ್ನಾಗಿರೋದ್ರಿಂದ ಅದು ಕೆಲಸ ಮಾಡುತ್ತಂತೆ. ರೇಟ್ ಕೇಳಿ ಮಾವ, "ಎಡಗಿವಿ ಇದೆ ಬಿಡೋ, ನಿಮ್ಮತ್ತೆ ಮಾತಿಗೆ ಅದೇ ಜಾಸ್ತಿ" ಅಂದ್ರು. ಅತ್ತೆ ಮಾತ್ರ ಬಿಡಂಗಿಲ್ಲ ಅಂತ ಮುಂದಿನ ಕ್ಲೀನಿಂಗ್ ದಿನಾನೇ ಟ್ರಯಲ್‌ಗೂ ಟೈಮ್ ಬರೆಸಿ ಬಂದಿದಾರೆ.