ಕಿವಿ ಕೇಳ್ಸದ ಮಕ್ಳಿಗೆ ಉಮ್ಮತ್ತಾಟ್ ಹೆಂಗೆ ಕಲಿಸ್ತೀರಾ?

ಮಡಿಕೇರಿಲಿ ಯಾವ ಫಂಕ್ಷನ್‌ಗೆ ಹೋದ್ರೂ ಯಾರಾದ್ರೂ ಒಬ್ರು ಇದನ್ನ ಕೇಳೇ ಕೇಳ್ತಾರೆ. ಮಿಸ್, ಹಾಡೇ ಕೇಳ್ಸಲ್ಲ ಅಂದ್ಮೇಲೆ ತಾಳ ಹೆಂಗೆ ಹಾಕ್ತಾರೆ ಅಂತ. ನಿಂತ ಜಾಗದಲ್ಲಿ ಹೇಳಿ ಮುಗ್ಸೋ ವಿಷ್ಯ ಅಲ್ಲ, ಅದಕ್ಕೇ ಬರೀತಿದ್ದೀನಿ.

ಉಮ್ಮತ್ತಾಟ್ ಅಂದ್ರೆ ಕೊಡವ ಹೆಂಗಸ್ರು ಕೈಲಿ ಲೋಹದ ತಾಳ ಹಿಡಿದು ಸುತ್ತ ನಿಂತು ಆಡೋ ಕುಣಿತ, ಎದುರಿಗಿರೋರ ಕೈ ಎಲ್ರಿಗೂ ಕಾಣುತ್ತೆ, ಕೇಳ್ಸದ ಮಗುಗೆ ಅಷ್ಟು ಸಾಕು. ಹಾಗಾಗಿ ನಾನು ಎಲ್ಲಾ ಮಕ್ಳಿಗೂ ತಾಳನ ಎದೆ ಮಟ್ಟಕ್ಕೆ ಎತ್ತಿ ಹೊಡಿಯೋಕೆ ಹೇಳ್ಕೊಡ್ತೀನಿ, ಕೆಳಗೆ ಹಿಡಿದ್ರೆ ಎದುರಿನವ್ಳಿಗೆ ಕಾಣಲ್ಲ. ಅದಕ್ಕೂ ಮುಂಚೆ ದುಡಿ, ಅಂದ್ರೆ ನಮ್ಮ ಪುಟ್ಟ ಚರ್ಮವಾದ್ಯ. ದುಡಿಗೆ ಎರಡು ಬದಿಲೂ ಚರ್ಮ ಇರುತ್ತಲ್ಲ, ನಾನು ಒಂದು ಬದಿಲಿ ಬಾರ್ಸ್ತಾ ಇನ್ನೊಂದು ಬದಿಗೆ ಮಗು ಅಂಗೈ ಇಡಿಸ್ತೀನಿ, ಪೆಟ್ಟು ಬಿದ್ದಾಗೆಲ್ಲ ಕೈಗೆ ಗುಂಯ್ ಅಂತ ಬರುತ್ತೆ, ಸ್ವಲ್ಪ ಹೊತ್ತಿಗೆ ಕಾಲು ತಾನಾಗೇ ಅಲ್ಲಾಡೋಕೆ ಶುರು ಆಗುತ್ತೆ.

ಇನ್ನೊಂದು ವಿಷ್ಯ, ತಲೆಗೆ ವಸ್ತ್ರ ಬಿಗಿಯಾಗಿ ಕಟ್ಟಿದ್ರೆ ಹಿಯರಿಂಗ್ ಏಡ್ ಮುಚ್ಚೋಗಿ ಕುಯ್ಯ್ ಅಂತ ಕೂಗುತ್ತೆ, ಮಗು ಮುಖ ಹಿಂಡುತ್ತೆ, ಅಮ್ಮಂದ್ರು ಡ್ಯಾನ್ಸ್ ಇಷ್ಟ ಇಲ್ವೇನೋ ಅಂದ್ಕೋತಾರೆ! ಕಿವಿ ಹಿಂದಕ್ಕೆ ತಂದು ಕಟ್ಟಿ, ಸರಿಹೋಗುತ್ತೆ.

ಅಂಗವಿಕಲರ ಹಕ್ಕುಗಳ 2016ರ ಕಾನೂನಲ್ಲಿ 21 ಬಗೆಯ ಅಂಗವೈಕಲ್ಯ ಸೇರ್ಸಿದ್ದಾರೆ, ಎಲ್ರಿಗೂ ಒಂದೇ ದಾರಿ ಆಗಲ್ಲ. ವೀಲ್‌ಚೇರ್ ಮಗುಗೆ ಎರಡೂ ಕೈ ಚಕ್ರಕ್ಕೇ ಬೇಕು, ಕೋಲಾಟದ ಕೋಲು ಯಾವ ಕೈಲಿ ಹಿಡಿಯೋದು? ಹಿಂದೆ ತಳ್ಳೋಕೆ ಒಬ್ರು ಬೇಕು, ಆ ತಳ್ಳೋರೂ ಹೆಜ್ಜೆ ಕಲ್ತಿರ್ಬೇಕು. ಮಂದ್‌ನ (ಊರಿನ ಹಬ್ಬದ ಬಯಲು) ಹಸಿ ಹುಲ್ಲಲ್ಲಿ ಚಕ್ರ ಹೂತೋಗುತ್ತೆ, ಎರಡು ಹಲಗೆ ಹಾಕಿ. ಆಟಿಸಂ ಇರೋ ಕೆಲವು ಮಕ್ಳಿಗೆ ತಾಳದ ಸದ್ದೇ ಆಗಲ್ಲ, ಅವ್ರು ಬಾಗ್ಲ ಹತ್ರ ನಿಂತು ನೋಡ್ಲಿ, ಕೈ ಹಿಡಿದು ಎಳೀಬೇಡಿ, ಬರೋ ದಿನ ಬರ್ತಾರೆ. ಡೌನ್ ಸಿಂಡ್ರೋಮ್ ಇದ್ರೆ ಕೆಲವ್ರಿಗೆ ಕತ್ತಿನ ಮೂಳೆ ಸಡಿಲ ಇರುತ್ತೆ, ಡಾಕ್ಟರ್ ಹತ್ರ ಒಂದ್ಸಲ ಕೇಳ್ಕೊಂಡೇ ಶುರು ಮಾಡಿ.

ಹೀಗೆಲ್ಲಾ ಮಾಡಿದ್ರೆ ಪರಂಪರೆ ಕೆಡಲ್ವಾ ಅಂತಾನೂ ಕೇಳ್ತಾರೆ. 2023ರಲ್ಲಿ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯ ಅವ್ರಿಗೆ ಪದ್ಮಶ್ರೀ ಬಂದಾಗ ನಮ್ ಉಮ್ಮತ್ತಾಟ್ ಅಂತ ಎಷ್ಟು ಖುಷಿಪಟ್ವಿ, ಆ 'ನಮ್' ಅನ್ನೋದ್ರಲ್ಲಿ ಈ ಮಕ್ಳೂ ಇದ್ದಾರಲ್ವಾ? ಹಾಡು ಅದೇ, ದುಡಿ ಅದೇ, ಸುತ್ತು ಅದೇ. ನಂಗೆ ನಿಜವಾಗ್ಲೂ ಬೇಜಾರಾಗೋದು ಯಾವಾಗ ಅಂದ್ರೆ, ಪ್ರೋಗ್ರಾಮ್ ಲಿಸ್ಟಲ್ಲಿ 'ವಿಶೇಷ ಮಕ್ಕಳ ನೃತ್ಯ' ಅಂತ ಬೇರೆ ಐಟಂ ಮಾಡಿ ಜನ ಅಯ್ಯೋ ಪಾಪ ಅನ್ನೋ ಹಾಗೆ ಮಾಡ್ತಾರಲ್ಲ, ಆಗ. ನಾನು ಅದಕ್ಕೆ ಒಪ್ಪಲ್ಲ. ಊರ ಮಕ್ಳ ಜೊತೆ ಒಂದೇ ಸುತ್ತಲ್ಲಿ ನಿಲ್ಸಿ, ಇಲ್ಲಾಂದ್ರೆ ನಮ್ಮನ್ನ ಕರೀಬೇಡಿ.

ನಿಮ್ಮ ಮಗುನ ಕಳ್ಸೋದಿದ್ರೆ ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್ ಪೊಳ್ದ್ ಹಬ್ಬ ಮುಗೀತಿದ್ದಂಗೆ ಕಳ್ಸಿ, ಸುಗ್ಗಿ ಹಬ್ಬ ಪುತ್ತರಿಯ ಕೋಲಾಟಕ್ಕೆ ನಿಧಾನವಾಗಿ ಕಲಿಯೋಕೆ ಟೈಮ್ ಸಿಗುತ್ತೆ.